ಆ ಆರುನೂರು ರೂಪಾಯಿ ಎಲ್ಲಿತ್ತು?

ನಿನ್ನೆ ನಮ್ಮ ದಾವಣಗೆರೆಯ ಕಾಲೇಜೊಂದರಲ್ಲಿ ಬಿ.ಕಾಂ. ವಿದ್ಯಾರ್ಥಿಗಳು ನಡೆಸಿದ ವಾಣಿಜ್ಯ ಮೇಳಕ್ಕೆ ತೀರ್ಪುಗಾರಳಾಗಿ ಹೋಗಿದ್ದೆ. ಅಲ್ಲಿಂದ ಬಂದಾಗಿನಿಂದ ಮನಸ್ಸು ಸರಿಯಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅಂಗಡಿಯವರ ಲೆಕ್ಕ ಬರೆದು, ರಿಟರ್ನ್ ಸಲ್ಲಿಸಿಯೇ ಅನ್ನ ತಿನ್ನುತ್ತಿರುವವಳು ನಾನೆಂಬುದು ಇಲ್ಲಿನ ಸ್ನೇಹಿತರಿಗೆಲ್ಲ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾಲ್ವರು ಹುಡುಗಿಯರು ಮಂಡಕ್ಕಿ-ಮಿರ್ಚಿ ಅಂಗಡಿ ಹಾಕಿದ್ದರು. ತಲಾ 650 ರೂಪಾಯಿಯಂತೆ 2,600 ರೂಪಾಯಿ ಕೂಡಿಸಿ ಮಂಡಕ್ಕಿ, ಕಡಲೆಹಿಟ್ಟು, ಮೆಣಸಿನಕಾಯಿ, ಎಣ್ಣೆ ತಂದಿದ್ದರು. ಪ್ಲೇಟಿಗೆ 30 ರೂಪಾಯಿಯಂತೆ 140 ಪ್ಲೇಟು ಮಾರಾಟವಾಗಿತ್ತು. ಸಂಜೆ ನಾನು ಅಲ್ಲಿಗೆ ಹೋಗುವ ಹೊತ್ತಿಗೆ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಮಾರಾಟ 4,200, ಖರ್ಚು 2,600, ಲಾಭ 1,600’ ಎಂದು ದೊಡ್ಡದಾಗಿ ಬರೆದು ನಿಲ್ಲಿಸಿದ್ದರೂ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ನೋಟುಗಳನ್ನೂ ಫೋನಿಗೆ ಬಂದ ಹಣವನ್ನೂ ಮೂರು ಸಲ ಕೂಡಿಸಿದರೂ 3,600 ರೂಪಾಯಿಗಿಂತ ಮೇಲೆ ಹೋಗುತ್ತಿರಲಿಲ್ಲ. ಡಬ್ಬಿಯನ್ನು ನೋಡಿಕೊಳ್ಳುತ್ತಿದ್ದ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಉಳಿದ ಮೂವರು ಏನೂ ಮಾತಾಡದೆ ಅವಳನ್ನೇ ನೋಡುತ್ತಿದ್ದರು.

“ಯಾರಿಗಾದರೂ ಉದ್ದರಿ ಕೊಟ್ಟಿದ್ದೀರೇನಮ್ಮ?” ಎಂದು ಕೇಳಿದೆ.

“ಉದ್ದರಿ ಅಂತ ಏನಿಲ್ಲ ಮೇಡಂ, ನಮ್ಮ ಕ್ಲಾಸಿನವರು ಒಂದಿಷ್ಟು ಜನ ತಿಂದು, ನಾಳೆ ಕೊಡ್ತೀವಿ ಅಂದ್ರು.”

ಬೆರಳು ಮಡಚಿ ಎಣಿಸಿದಾಗ ಅಂಥವು ಇಪ್ಪತ್ತು ಪ್ಲೇಟು ಆದವು. ಇಪ್ಪತ್ತು ಪ್ಲೇಟಿಗೆ ಆರುನೂರು ರೂಪಾಯಿ. ಆಮೇಲೆ ಆ ನಾಲ್ವರನ್ನೂ “ಸಂಡ್ರಿ ಡೆಟರ್ಸ್ ಎಂದರೆ ಯಾರು?” ಎಂದು ಕೇಳಿದೆ. ಸಾಲದ ಮೇಲೆ ಸರಕು ಕೊಂಡವರು, ಅಡಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟಿನಲ್ಲಿ) ಆಸ್ತಿಯ ಕಡೆಗೆ ಬರುತ್ತಾರೆ ಎಂದು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಹೇಳಿದರು. ಮೂರು ವರ್ಷಗಳಲ್ಲಿ ಆ ಸಾಲನ್ನು ಅವರು ನೂರಾರು ಸಲ ಬರೆದಿರಬೇಕು. ಆದರೆ ಆ ಹೆಸರಿನ ಮನುಷ್ಯರು ತಮ್ಮ ಪಕ್ಕದ ಬೆಂಚಿನಲ್ಲೇ ಕೂತಿದ್ದಾರೆಂಬುದನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಮೇಜಿನ ಕೆಳಗೆ ಒಡೆಯದ ಒಂದು ಲೀಟರ್ ಎಣ್ಣೆಯ ಪ್ಯಾಕೆಟ್ಟಿತ್ತು, ಅದನ್ನು ಉಳಿಕೆ ದಾಸ್ತಾನೆಂದು ಹಿಡಿದಿರಲಿಲ್ಲ. ಗ್ಯಾಸ್ ಒಬ್ಬಳ ಮನೆಯಿಂದ ಬಂದಿತ್ತು, ಅದನ್ನು ಖರ್ಚೆಂದು ಬರೆದಿರಲಿಲ್ಲ. ಇಷ್ಟು ಚಿಕ್ಕ ಲೆಕ್ಕ ಗೊತ್ತಿಲ್ಲದೆ ಮೂವರು ಗೆಳತಿಯರು ನಾಲ್ಕನೆಯವಳನ್ನು ಕಳ್ಳಿಯೆಂದು ಶಂಕಿಸುವ ಹಂತಕ್ಕೆ ಬಂದಿದ್ದರು.

ನನಗೆ ಆ ಮಕ್ಕಳ ಮೇಲೆ ಸಿಟ್ಟಿಲ್ಲ. ಲೆಕ್ಕಶಾಸ್ತ್ರವನ್ನು ಒಂದು ಪೀರಿಯಡ್ಡಿನಲ್ಲಿ, ಉದ್ಯಮಶೀಲತೆಯನ್ನು ಇನ್ನೊಂದು ಪೀರಿಯಡ್ಡಿನಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಕಲಿಸುವ ಪದ್ಧತಿಯ ಮೇಲೆ ಸಿಟ್ಟಿದೆ. ಲೆಕ್ಕದ ತರಗತಿಯಲ್ಲಿ ಬರುವ ವ್ಯಾಪಾರಿಗಳಿಗೆ ಎ, ಬಿ, ಸಿ ಎಂಬುದನ್ನು ಬಿಟ್ಟು ಹೆಸರಿಲ್ಲ, ಊರಿಲ್ಲ, ಅವರು ಏನು ಮಾರುತ್ತಾರೆಂಬುದೂ ಗೊತ್ತಿಲ್ಲ. ಮಾರ್ಚ್ 31ಕ್ಕೆ ಅವರ ಅಡಾವೆ ಪತ್ರಿಕೆಯ ಎರಡೂ ಬದಿ ತಾಳೆಯಾದರೆ ಹತ್ತೋ ಹದಿನೈದೋ ಅಂಕ. ಉದ್ಯಮಶೀಲತೆಯ ತರಗತಿಯಲ್ಲಾದರೆ ಕ್ಯಾಂಟಿಲಾನ್ ಏನು ಹೇಳಿದ, ಶುಂಪೀಟರ್ ಏನು ಹೇಳಿದ, ಯಶಸ್ವಿ ಉದ್ಯಮಿಯ ಗುಣಗಳೇನು ಎಂಬ ಉರು ಹೊಡೆಯುವ ಉತ್ತರಗಳು. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೆಕ್‌ಕ್ಲೆಲಂಡ್ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿದ ಪ್ರಯೋಗವನ್ನು ಐದು ಅಂಕಕ್ಕೆ ಬರೆಯುತ್ತಾರೆ, ಆದರೆ ತಮ್ಮ ಬೀದಿಯ ಅಂಗಡಿಯವನು ತಿಂಗಳಿಗೆ ಎಷ್ಟು ಉದ್ದರಿ ಕೊಟ್ಟು ಎಷ್ಟು ವಸೂಲಿ ಮಾಡುತ್ತಾನೆಂದು ಕೇಳಿಕೊಂಡು ಬರಲು ಅವರಿಗೆ ಯಾರೂ ಹೇಳುವುದಿಲ್ಲ. 2021ರಲ್ಲಿ ಪದವಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ನನ್ನ ಆಫೀಸಿಗೆ ಕೆಲಸ ಕಲಿಯಲು ಬರುವ ಮಕ್ಕಳನ್ನು ನೋಡಿದರೆ ಈ ಎರಡು ವಿಷಯಗಳ ನಡುವಿನ ಗೋಡೆ ಮಾತ್ರ ಹಾಗೆಯೇ ನಿಂತಿದೆ.

ಒಂದು ವಿಷಯವನ್ನು ಹೇಳಿಕೊಳ್ಳಲೇಬೇಕು. 2001ರಲ್ಲಿ ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಹರಿಹರದ ಹತ್ತಿರದ ನಮ್ಮೂರಿನಲ್ಲಿ ಅಪ್ಪನದು ಕಿರಾಣಿ ಅಂಗಡಿ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಊರು. ಗಿರಾಕಿಗಳು ಸುಗ್ಗಿಯಾಗಿ ಭತ್ತ ಮಾರಿದ ಮೇಲೆ ದುಡ್ಡು ಕೊಡುತ್ತಿದ್ದರು. ಮಂಡಿಪೇಟೆಯ ಹೋಲ್‌ಸೇಲ್ ಅಂಗಡಿಯವರಿಗಾದರೆ ಅಪ್ಪ ಇಪ್ಪತ್ತೊಂದು ದಿನಕ್ಕೆ ದುಡ್ಡು ಕಟ್ಟಬೇಕಿತ್ತು. ಐದು ತಿಂಗಳಿಗೆ ಬರುವ ದುಡ್ಡಿಗೂ ಇಪ್ಪತ್ತೊಂದು ದಿನಕ್ಕೆ ಕೊಡಬೇಕಾದ ದುಡ್ಡಿಗೂ ನಡುವಿನ ಅಂತರವನ್ನು ಅವರು ಬಡ್ಡಿ ಸಾಲ ತಂದು ತುಂಬುತ್ತಿದ್ದರು. ಅಂಗಡಿ ಮುಚ್ಚಿದ ದಿನ ಉದ್ದರಿ ಪುಸ್ತಕದಲ್ಲಿ 1,10,000 ರೂಪಾಯಿ ಬರಬೇಕಿತ್ತು. ವ್ಯಾಪಾರ ನಷ್ಟದಲ್ಲಿರಲಿಲ್ಲ, ಪ್ರತಿ ವರ್ಷವೂ ಲಾಭವೇ ಇತ್ತು. ಗಲ್ಲಾದಲ್ಲಿ ಮಾತ್ರ ದುಡ್ಡಿರಲಿಲ್ಲ. ಅದೇ ತಿಂಗಳು ನಾನು ಹಾಸ್ಟೆಲಿನಲ್ಲಿ ಕೂತು ದುಡಿಯುವ ಬಂಡವಾಳದ, ಅಂದರೆ ದಿನದಿನದ ವ್ಯಾಪಾರ ನಡೆಸಲು ಬೇಕಾಗುವ ಹಣದ ಲೆಕ್ಕಗಳನ್ನೂ ಸಂಶಯಾಸ್ಪದ ಸಾಲಗಳಿಗೆ ಮೀಸಲಿಡುವ ಲೆಕ್ಕಗಳನ್ನೂ ಬಿಡಿಸುತ್ತಿದ್ದೆ. ರಜೆಗೆ ಹೋದಾಗ ಆ ಕೆಂಪು ರಟ್ಟಿನ ಪುಸ್ತಕವನ್ನು ಒಂದು ಸಲವೂ ತೆರೆದು ನೋಡಲಿಲ್ಲ. ನೋಡಬೇಕೆಂದು ಹೊಳೆಯಲೇ ಇಲ್ಲ, ಏಕೆಂದರೆ ನಾನು ಓದುತ್ತಿದ್ದುದಕ್ಕೂ ಅಪ್ಪ ಮಾಡುತ್ತಿದ್ದುದಕ್ಕೂ ಸಂಬಂಧವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ನಿನ್ನೆ ಆ ಹುಡುಗಿಯ ಮುಖ ನೋಡಿದಾಗ ನನಗೆ ಅಪ್ಪನ ಮುಖವೇ ನೆನಪಾಯಿತು.

ಲೆಕ್ಕವೂ ಉದ್ಯಮವೂ ಬೇರೆ ಬೇರೆಯಾಗಿ ಎಂದೂ ಇರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನೇ ನೋಡಿ. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಎಷ್ಟೋ ಜನರ ಎರಡೆರಡು ಆಣೆಯನ್ನು ತಪ್ಪಿಲ್ಲದೆ ಅವರವರ ಖಾತೆಗೆ ಜಮಾ ಮಾಡುವ ಶಿಸ್ತಿಲ್ಲದಿದ್ದರೆ ಆ ಯೋಜನೆ ಒಂದು ತಿಂಗಳೂ ಉಳಿಯುತ್ತಿರಲಿಲ್ಲ. ನಮ್ಮ ಮಕ್ಕಳು ಸರ್ಟಿಫಿಕೇಟಿಗಾಗಿ ಕಲಿಯುವ ಟ್ಯಾಲಿ ತಂತ್ರಾಂಶವೂ ಹಾಗೆಯೇ. ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಸಾಮಗ್ರಿ ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಲು ಸರಿಯಾದ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅದನ್ನು ಬರೆದುಕೊಟ್ಟರು. 1986ರಲ್ಲಿ ಆ ಕಂಪನಿ ಶುರುವಾಗಿ ಬೆಂಗಳೂರಿನಲ್ಲಿ ಬೆಳೆಯಿತು. ಲೆಕ್ಕದ ತೊಡಕೊಂದರಿಂದಲೇ ಹುಟ್ಟಿದ ಉದ್ಯಮವಿದು. ಟ್ಯಾಲಿಯಲ್ಲಿ ವೋಚರ್ ಹಾಕಲು ಬರುವ ಎಷ್ಟೋ ಮಕ್ಕಳನ್ನು ಈ ಕಥೆ ಗೊತ್ತೇ ಎಂದು ಕೇಳಿದ್ದೇನೆ. ಗೊತ್ತಿದ್ದವರು ಒಬ್ಬರೂ ಸಿಕ್ಕಿಲ್ಲ.

ಉದ್ಯಮಿಗೆ ಲೆಕ್ಕ ಯಾಕೆ ಬೇಕು, ಅದಕ್ಕೆ ನಿಮ್ಮಂಥವರಿದ್ದೀರಲ್ಲ ಎಂದು ನಿನ್ನೆ ನನ್ನ ಜೊತೆಗಿದ್ದ ತೀರ್ಪುಗಾರರೊಬ್ಬರು ಹೇಳಿದರು. ವಿಶ್ವವಿದ್ಯಾಲಯವೆಂದರೆ ಕಸುಬು ಕಲಿಸುವ ಜಾಗವಲ್ಲ, ತತ್ತ್ವ ತಿಳಿದವರು ಮುಂದೆ ಎಲ್ಲವನ್ನೂ ಕಲಿಯುತ್ತಾರೆ ಎಂದೂ ಸೇರಿಸಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ನಾಲ್ಕು ವರ್ಷಗಳ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೆಂಗಳೂರಿನ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದ್ದು ಎಲ್ಲರಿಗೂ ನೆನಪಿದೆ. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಕೊನೆಗೆ ಸರ್ಕಾರ ಹೇಳಿತು, ಆ ಮಾತು ಬೇರೆ. ಆ ದಿನಗಳಲ್ಲಿ ನನ್ನ ಮೇಜಿನ ಮುಂದೆ ಬಂದು ಕೂತವರ ಪೈಕಿ ಬಿ.ಕಾಂ. ಮುಗಿಸಿದ ಮಕ್ಕಳಿದ್ದ ಮನೆಗಳೂ ಇದ್ದವು. ಖಾತೆಗೆ ಬಂದದ್ದೆಲ್ಲ ಮಾರಾಟವಲ್ಲ, ಮಾರಾಟವೆಲ್ಲ ಲಾಭವಲ್ಲ, ಅಣ್ಣ ಕಳಿಸಿದ ಸಾಲವೂ ಚೀಟಿಯ ದುಡ್ಡೂ ಅದೇ ಖಾತೆಯಲ್ಲಿ ಸೇರಿಕೊಂಡಿವೆ ಎಂಬುದನ್ನು ಬಿಡಿಸಿ ಬರೆದುಕೊಡಲು ಅವರಿಗೆ ಆಗಲಿಲ್ಲ. ಬರೀ ಹಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಹಾಲಿನ ಜೊತೆ ಬಿಸ್ಕತ್ತು, ತಂಪು ಪಾನೀಯ ಮಾರಿದರೆ ನೋಂದಣಿಗಿರುವ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿಗೆ ಹಾಲಿನ ಮಾರಾಟವೂ ಸೇರುತ್ತದೆ ಎಂಬುದು ಅಂಗಡಿ ತೆರೆಯುವ ದಿನವೇ ಗೊತ್ತಿರಬೇಕಾದ ಮಾತು. ನೋಟಿಸು ಬಂದ ಮೇಲೆ ನನ್ನ ಹತ್ತಿರ ಬಂದರೆ ಬಿಲ್ಲೇ ಇಟ್ಟುಕೊಳ್ಳದವರಿಗೆ ನಾನು ಎಲ್ಲಿಂದ ಬಿಲ್ಲು ತರಲಿ?

ಇನ್ನು ಬಹುಮಾನದ ವಿಷಯ. ಮೊದಲ ಬಹುಮಾನ ಹೋದದ್ದು ಮನೆ ಬಾಗಿಲಿಗೆ ತರಕಾರಿ ತಲುಪಿಸುವ ಆ್ಯಪಿನ ಬಗ್ಗೆ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದ ತಂಡಕ್ಕೆ. ಹುಡುಗರು ಚೆನ್ನಾಗಿ ಮಾತಾಡಿದರು, ಅದರಲ್ಲಿ ಎರಡು ಮಾತಿಲ್ಲ. ಐದನೆಯ ವರ್ಷದ ಲಾಭವನ್ನು ಕೋಟಿಗಳಲ್ಲಿ ಬರೆದಿದ್ದರು. ಮೊದಲ ತಿಂಗಳು ಬೈಕಿನವರಿಗೆ ಸಂಬಳ ಎಲ್ಲಿಂದ, ಮಾರಾಟವಾಗದೆ ಬಾಡಿದ ಸೊಪ್ಪು ಯಾರ ಲೆಕ್ಕಕ್ಕೆ ಎಂದು ಕೇಳಿದರೆ ಉತ್ತರವಿರಲಿಲ್ಲ. ನಾನು ಮಂಡಕ್ಕಿ ಹುಡುಗಿಯರ ಪರವಾಗಿ ಮಾತಾಡಿದೆ. ಕಾಣೆಯಾದ ದುಡ್ಡನ್ನು ಅರ್ಧ ಗಂಟೆಯಲ್ಲಿ ಹುಡುಕಿ, ರಟ್ಟನ್ನು ತಿರುಗಿಸಿ, ಬರಬೇಕಾದ ಬಾಕಿ, ಉಳಿದ ಎಣ್ಣೆ, ಗ್ಯಾಸಿನ ಖರ್ಚು ಎಲ್ಲವನ್ನೂ ಸೇರಿಸಿ ಅವರು ಹೊಸದಾಗಿ ಲೆಕ್ಕ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಉಳಿದ ಇಬ್ಬರು ತೀರ್ಪುಗಾರರು ಒಂದು ಕಡೆ, ನಾನೊಬ್ಬಳು ಒಂದು ಕಡೆ. ಕೊನೆಗೆ ಫಲಿತಾಂಶದ ಹಾಳೆಗೆ ನಾನೂ ಸಹಿ ಹಾಕಿದೆ. ಹಾಕಬಾರದಿತ್ತು.

ಅಲ್ಲಿನ ಅಧ್ಯಾಪಕರನ್ನು ನಾನು ದೂರುವುದಿಲ್ಲ. ಪಾಠಪಟ್ಟಿ ಮುಗಿಸುವುದರಲ್ಲೇ ಅವರ ಸೆಮಿಸ್ಟರ್ ಮುಗಿಯುತ್ತದೆ. ಆದರೂ ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ ಇದೆ: ಪ್ರತಿ ವಿದ್ಯಾರ್ಥಿಗೂ ತನ್ನ ಬೀದಿಯ ಒಂದು ಅಂಗಡಿಯನ್ನು ಗೊತ್ತುಮಾಡಿ ಕೊಡಿ. ಹೂವಿನವರದಾದರೂ ಸರಿ, ಟೈಲರ್ ಅಂಗಡಿಯಾದರೂ ಸರಿ. ಆರು ತಿಂಗಳು ಆ ಅಂಗಡಿಯ ನಗದು ಪುಸ್ತಕ ಬರೆದು, ತಾಳೆಪಟ್ಟಿ (ಟ್ರಯಲ್ ಬ್ಯಾಲೆನ್ಸ್) ತೆಗೆದು, ಈ ವ್ಯಾಪಾರ ಹೇಗೆ ಬೆಳೆಯಬಹುದೆಂದು ಆ ಅಂಗಡಿಯವರ ಮುಂದೆಯೇ ಕೂತು ಹೇಳಲಿ. ಎರಡೂ ವಿಷಯಗಳ ಆಂತರಿಕ ಅಂಕಗಳು ಅದೊಂದಕ್ಕೇ ಬರಲಿ. ಬೇಕಾದರೆ ನನ್ನ ಆಫೀಸಿನ ಗಿರಾಕಿಗಳನ್ನು ಕೇಳಿ ಹತ್ತು ಅಂಗಡಿಗಳನ್ನು ನಾನೇ ಒಪ್ಪಿಸಿಕೊಡುತ್ತೇನೆ, ಶನಿವಾರ ಮಧ್ಯಾಹ್ನ ಬಂದು ಪುಸ್ತಕಗಳನ್ನು ತಿದ್ದಿಯೂ ಕೊಡುತ್ತೇನೆ.

ಇವತ್ತು ಬೆಳಿಗ್ಗೆ ಡಬ್ಬಿ ಹಿಡಿದಿದ್ದ ಹುಡುಗಿ ವಾಟ್ಸ್‌ಆ್ಯಪಿನಲ್ಲಿ ಬರೆದಿದ್ದಳು. ಆರುನೂರರಲ್ಲಿ 450 ರೂಪಾಯಿ ಬಂತಂತೆ. ಐದು ಪ್ಲೇಟು ತಿಂದವನು ಮಾತ್ರ ಕಾಲೇಜಿಗೇ ಬಂದಿಲ್ಲವಂತೆ. “ಮೇಡಂ, ಆ 150 ರೂಪಾಯಿಯನ್ನು ಈಗಲೇ ನಷ್ಟಕ್ಕೆ ಬರೆಯಬೇಕಾ, ಅಥವಾ ಸೋಮವಾರದವರೆಗೆ ಕಾಯಬಹುದಾ?” ಎಂದು ಕೇಳಿದ್ದಾಳೆ. ಅವನ ಹೆಸರಿನಲ್ಲಿ ಒಂದು ಖಾತೆ ತೆರೆದು ಸೋಮವಾರದವರೆಗೆ ಕಾಯಮ್ಮ ಎಂದು ಉತ್ತರ ಬರೆದಿದ್ದೇನೆ.