ನಿಂತಲ್ಲೇ ಓಡುವ ಬೈಕು

ನನ್ನ ಬೈಕಿಗೆ 14 ವರ್ಷ. ಸುಮ್ಮನೆ ಮೂಲೆ ಹಿಡಿಯಬೇಕಾದ ವಯಸ್ಸಿನಲ್ಲಿ ಅದು ನಿಂತಲ್ಲೇ ಅಬ್ಬರಿಸುವುದನ್ನು ಕಲಿತಿತು. ಹನುಮಂತಪ್ಪ ವೃತ್ತದಲ್ಲಿ ನಿಂತರೆ ಕೊಯ್ಲಿನ ಕಾಲದ ಕಾಫಿ ಪಲ್ಪರಿನಂತೆ ಒಂದೇ ಸಮನೆ ಗರ್ಜನೆ. ಪಕ್ಕದ ಆಟೋದವರು ಕತ್ತು ಹೊರಹಾಕಿ, "ಇಷ್ಟು ಅವಸರವಿದ್ದರೆ ನಿನ್ನೆಯೇ ಹೊರಡಬೇಕಿತ್ತು" ಎಂದರು. ಇದು ನನ್ನ ಕೆಲಸವಲ್ಲವೆಂದು ತೋರಿಸಲು ಎರಡೂ ಕೈ ಮೇಲೆತ್ತಿದೆ. ರಸ್ತೆ ದಾಟುತ್ತಿದ್ದ ಅಜ್ಜಿ ಅದನ್ನು ಕಂಡು ಇನ್ನಷ್ಟು ಹೆದರಿ ಹಿಂದಕ್ಕೋಡಿದರು.

ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಚಿಕ್ಕಮಗಳೂರಿನ ಮಳೆಗಾಲದ ಬೆಳಗಿನಲ್ಲಿ ತಣ್ಣಗಿನ ಎಂಜಿನ್ ಹೊತ್ತಿಸಲು ಎಳೆದ ಚೋಕನ್ನು ಮರಳಿ ಒತ್ತಲು ಮರೆಯುವುದು ನನ್ನ ಹಳೆಯ ಚಾಳಿ. ಮರೆತರೂ ಎಂಜಿನ್ ಹೀಗೆ ಅಬ್ಬರಿಸಬಹುದು. ನೋಡಿದರೆ ಚೋಕ್ ಸರಿಯಾಗಿಯೇ ಇತ್ತು. ನಿಂತಾಗಿನ ಎಂಜಿನ್ ವೇಗ ಏರಿಸಿ ಇಳಿಸುವ ಐಡ್ಲಿಂಗ್ ಸ್ಕ್ರೂ ಸಡಿಲಿಸಿದೆ. ಅರ್ಧ ಸುತ್ತು, ಒಂದು ಸುತ್ತು, ಕೊನೆಗೆ ಎಣಿಕೆಯೇ ತಪ್ಪಿತು. ಸದ್ದು ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯ ನಿವೃತ್ತ ಮೇಷ್ಟರ ತೀರ್ಪು ಬಂತು: "ನಮ್ಮೂರು 3,000 ಅಡಿಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಅದಕ್ಕೇ." ಬೈಕೇನು ಮಂಗಳೂರಿನಿಂದ ನೆಂಟರ ಮನೆಗೆ ಬಂದದ್ದಲ್ಲ, 14 ವರ್ಷವೂ ಇದೇ ಗಾಳಿ ಕುಡಿದಿದೆ ಎನ್ನಬೇಕೆನಿಸಿತು. ಅವರಿಂದ ಏಣಿ ಎರವಲು ತಂದದ್ದು ನೆನಪಾಗಿ ತಲೆಯಾಡಿಸಿದೆ.

ಆದರೆ ಗಾಳಿಯ ಮಾತು ಪೂರ್ತಿ ಪೊಳ್ಳಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರ್ ಬಿರುಕು ಬಿಟ್ಟರೆ ಅಲ್ಲಿಂದ ಕಳ್ಳಗಾಳಿ ನುಗ್ಗಿ ಎಂಜಿನ್ ವೇಗ ಏರುತ್ತದೆ. ಅಲ್ಲಿ ನೀರು ಚಿಮುಕಿಸಿದಾಗ ಸದ್ದು ಬದಲಾದರೆ ಕಳ್ಳ ಸಿಕ್ಕಂತೆ. ಹೆಂಡತಿಯ ಇಸ್ತ್ರಿ ಬಾಟಲಿಯನ್ನು ಹೇಳದೆ ಕೇಳದೆ ತಂದು ಚಿಮುಕಿಸಿದೆ. ಸದ್ದು ಬದಲಾಗಲಿಲ್ಲ, ನನ್ನ ಪ್ಯಾಂಟು ಒದ್ದೆಯಾಯಿತು. "ಸ್ನಾನವನ್ನಾದರೂ ನೀವು ಮಾಡಬಾರದೆ?" ಎಂದಳು.

ಸೋಮವಾರ ಮೆಕ್ಯಾನಿಕ್ ಬಳಿ ಹೋದೆ. ಅವನು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಎಂಜಿನ್ ಓಡುತ್ತಿರುವಂತೆಯೇ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದ, ಬೈಕು ಕಿರುಚಿತು. ಬಲಕ್ಕೆ ತಿರುಗಿಸಿದ; ಸ್ವಲ್ಪ ತಣ್ಣಗಾಯಿತು. ಆಕ್ಸಿಲರೇಟರನ್ನು ಎರಡು ಬೆರಳಿನಿಂದ ಅಲುಗಿಸಿ, "ಇಲ್ಲಿ 2-3 ಮಿಲಿಮೀಟರ್ ಸಡಿಲ ಇರಬೇಕು. ನಿಮ್ಮದರಲ್ಲಿ ವೀಣೆಯ ತಂತಿಯ ಹಾಗಿದೆ" ಎಂದ. ಅವನ ಬೆರಳು ಕೇಬಲ್ಲಿನ ಜಾಡು ಹಿಡಿದು ಹೊರಟು, ಹೆಡ್‌ಲೈಟಿನ ಹಿಂದೆ ಒಂದು ಹಸಿರು ಪ್ಲಾಸ್ಟಿಕ್ ದಾರದ ಮೇಲೆ ನಿಂತಿತು. ದಾರ ಮೂರು ಸುತ್ತು ಬಿಗಿದು, ಮೇಲೆರಡು ಗಂಟು ಹಾಕಿಸಿಕೊಂಡು ಕೇಬಲ್ಲನ್ನು ಕಂಬಿಗೆ ಕಟ್ಟಿಹಾಕಿತ್ತು.

"ಯಾರು ಕಟ್ಟಿದ್ದು?"

ಮೊಬೈಲ್ ಸ್ಟ್ಯಾಂಡ್ ಕೂರಿಸುವಾಗ ಅಡ್ಡಬಂದ ಕೇಬಲ್ಲುಗಳನ್ನು ಅಂದವಾಗಿ ಕಟ್ಟಿ, ಫೋಟೋ ಕೂಡ ತೆಗೆದಿಟ್ಟುಕೊಂಡವನು ನಾನೇ. "ಮಕ್ಕಳಿರಬೇಕು" ಎಂದೆ.

ಅವನು ದಾರವನ್ನು ಕತ್ತರಿಸಿದ. ಗರ್ಜನೆ ಸರಕ್ಕನೆ ಇಳಿದು, ಇಳಿದು, ಎರಡು ಸಲ ಬಿಕ್ಕಳಿಸಿ, ಎಂಜಿನ್ ಸತ್ತೇ ಹೋಯಿತು. ಮತ್ತೆ ಒದ್ದ, ಮತ್ತೆ ಸತ್ತಿತು. ಕಾರ್ಬುರೇಟರಿನ ಕಡೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ.

"ಈ ಸ್ಕ್ರೂ ಉದುರುವುದೊಂದು ಬಾಕಿ. ಇದನ್ನೂ ಮಕ್ಕಳೇ ಬಿಚ್ಚಿದರೋ?"

ನಾನು ಹೌದೆನ್ನುವವನಿದ್ದೆ. ಅವನ ಕಣ್ಣು ಆಗಲೇ ನನ್ನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರ್ ಮೇಲಿತ್ತು.