ಯಾವ ಸೊಪ್ಪೂ ಫೇಲಾಗದ ಪರೀಕ್ಷೆ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನಾಲ್ಕು ಗ್ರೇಸ್ ಮಾರ್ಕ್ಸ್ ಕೊಟ್ಟರೆ ಇಡೀ ರಾಜ್ಯ ಬಾಯಿ ಬಡಿದುಕೊಳ್ಳುತ್ತದೆ. ಆದರೆ ಗಿಡಗಳಿಗೂ ಒಂದು ಪರೀಕ್ಷೆ ಇದೆ, ಅದರಲ್ಲಿ ಒಂದೇ ಒಂದು ಸೊಪ್ಪು ಫೇಲಾದದ್ದನ್ನು ನಾನು ಇದುವರೆಗೆ ಕಂಡಿಲ್ಲ. ತುಳಸಿ ಪಾಸ್, ತುಂಬೆ ಪಾಸ್, ಬೇಲಿಯ ಲಂಟಾನ ಪಾಸ್. ರೈತರು ಶಾಪ ಹಾಕುತ್ತಾ ಕೀಳುವ ಕಾಂಗ್ರೆಸ್ ಗಿಡ ಕೂಡ ಪಾಸ್. (ಗಿಡದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ, ಯಾರೂ ಜಗಳಕ್ಕೆ ಬರಬೇಡಿ.)

ಪರೀಕ್ಷೆಯ ಹೆಸರು ಡಿಪಿಪಿಎಚ್. ನಿಮ್ಮ ನೆಂಟರಲ್ಲಿ ಬಾಟನಿಯೋ ಬಯೋಕೆಮಿಸ್ಟ್ರಿಯೋ ಬಯೋಟೆಕ್ಕೋ ಎಂ.ಎಸ್ಸಿ. ಮಾಡಿದವರು ಇದ್ದರೆ ಕೇಳಿ ನೋಡಿ, ಮುಖದಲ್ಲಿ ಒಂದು ಥರಾ ಸುಸ್ತು ಕಾಣುತ್ತದೆ. ಅದು ನೇರಳೆ ಬಣ್ಣದ ದ್ರಾವಣ. ಸೊಪ್ಪಿನ ಸಾರ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿ ಇಡಬೇಕು. ಹಳದಿಗೆ ತಿರುಗಿದರೆ ಸೊಪ್ಪಿನಲ್ಲಿ ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶ ಕೆಡಿಸುವ ಪುಂಡ ಕಣಗಳನ್ನು ಸುಮ್ಮನಾಗಿಸುವ ವಸ್ತು, ಇದೆ ಎಂದು ಲೆಕ್ಕ. 1958ರಿಂದ ಇರುವ ವಿಧಾನ. ಖರ್ಚು ಕಡಿಮೆ, ಮಧ್ಯಾಹ್ನ ಊಟ ಮಾಡಿ ಶುರು ಮಾಡಿದರೆ ಸಂಜೆ ಬಸ್ಸಿಗೆ ಮುಂಚೆ ಮುಗಿಯುತ್ತದೆ.

ಇಲ್ಲಿ ಒಂದು ಸಣ್ಣ ವಿಷಯ ಇದೆ. ಗಿಡ ಅಂದಮೇಲೆ ಓಡಿಹೋಗೋಕೆ ಕಾಲಿಲ್ಲ. ನಿಂತಲ್ಲೇ ಬಿಸಿಲು ತಡೆಯಬೇಕು, ಹುಳ ಹುಪ್ಪಟೆ ಓಡಿಸಬೇಕು, ಅದಕ್ಕೆಂದೇ ಪಾಲಿಫಿನಾಲ್ ಥರದ ಆಂಟಿಆಕ್ಸಿಡೆಂಟ್ ವಸ್ತುಗಳನ್ನು ಮೈತುಂಬಾ ತುಂಬಿಕೊಂಡಿರುತ್ತದೆ. ಹಾಗಾಗಿ ಸೊಪ್ಪಿನಲ್ಲಿ ಆಂಟಿಆಕ್ಸಿಡೆಂಟ್ ಇದೆಯಾ ಎಂದು ಕೇಳುವುದು, ಮೀನಿಗೆ ಈಜು ಬರುತ್ತಾ ಎಂದು ಕೇಳಿ, ಬರುತ್ತದೆ ಎಂದು ಗೊತ್ತಾದಮೇಲೆ ಸೆಮಿನಾರ್ ಮಾಡಿದ ಹಾಗೆ.

ನಾನೂ ಮಾಡಿದೆ. ನನ್ನ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ದೊಡ್ಡಪತ್ರೆ. ಸಿನಾಪ್ಸಿಸ್‌ನಲ್ಲಿ 'ಪಾರಂಪರಿಕ ಜ್ಞಾನದ ವೈಜ್ಞಾನಿಕ ಮರುಶೋಧ' ಎಂದೆಲ್ಲ ಬರೆದಿದ್ದೆ. ನಿಜವಾದ ಕಾರಣ, ಅಜ್ಜಿ ಮನೆಯ ಬಚ್ಚಲ ಹಿಂದೆ ಅದು ಪುಕ್ಕಟೆ ಸಿಗುತ್ತಿತ್ತು.

ಅಜ್ಜಿ ಅದನ್ನು ಬಳಸುತ್ತಿದ್ದ ರೀತಿ ಸರಳ. ಯಾರಾದರೂ ಕೆಮ್ಮಿದರೆ ಎರಡೆಲೆ ಕಿತ್ತು, ಕಾವಲಿಯ ಮೇಲೆ ಬಾಡಿಸಿ, ರಸ ಹಿಂಡಿ ಜೇನುತುಪ್ಪದ ಜೊತೆ ನೆಕ್ಕಿಸುತ್ತಿದ್ದರು. ಬೇಸಿಗೆಯಲ್ಲಾದರೆ ತಂಬುಳಿ. ಎಲೆ ಕಿವುಚಿದರೆ ಓಮದ ವಾಸನೆ ಮೂಗಿಗೆ ರಪ್ಪನೆ ಹೊಡೆಯುತ್ತದಲ್ಲ, ಅದು ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ, ಬೇಗ ಆವಿಯಾಗುವ ವಸ್ತುಗಳು. ಆ ಎಲೆಯಲ್ಲಿ ಏನಾದರೂ ಕಸುವು ಇದ್ದರೆ ಬಹುಪಾಲು ಅದರಲ್ಲೇ.

ನಾವು ಮಾಡಿದ್ದು ಬೇರೆ. ಹದಿನೈದು ದಿನ ನೆರಳಲ್ಲಿ ಒಣಗಿಸಿದೆವು. ದೊಡ್ಡಪತ್ರೆ ನೀರು ತುಂಬಿದ ದಪ್ಪ ಎಲೆ, ಅರ್ಧ ಬೂಸ್ಟು ಹಿಡಿಯಿತು, ಉಳಿದರ್ಧವನ್ನು ಮಿಕ್ಸಿಗೆ ಹಾಕಿದೆವು. ಆ ಪುಡಿಯನ್ನು ಸಾಕ್ಸ್‌ಲೆಟ್ ಎಂಬ ಸಾರ ತೆಗೆಯುವ ಗಾಜಿನ ಉಪಕರಣದಲ್ಲಿ ಕೂರಿಸಿ 8 ಗಂಟೆ ಬಿಸಿ ಮೆಥನಾಲ್ ಅಭಿಷೇಕ. ಮೆಥನಾಲ್ ಗೊತ್ತಲ್ಲ, ಕಳ್ಳಭಟ್ಟಿಗೆ ಸೇರಿ ಜನರ ಕಣ್ಣು ಕಳೆಯುವ, ಜೀವ ತೆಗೆಯುವ ಅದೇ ಮೆಥನಾಲ್. ಯಾವ ಅಜ್ಜಿ ತಂಬುಳಿಗೆ ಹಾಕಿದ್ದರೋ ದೇವರಿಗೇ ಗೊತ್ತು. ಕೊನೆಗೆ ವಾಟರ್ ಬಾತ್ ಮೇಲೆ ಇಟ್ಟು ಎಲ್ಲಾ ಆವಿ ಮಾಡಿದಾಗ ತಳದಲ್ಲಿ ಉಳಿದದ್ದು ಕಪ್ಪಗೆ, ಜಿಗುಟು ಜಿಗುಟಾಗಿ, ಥೇಟ್ ರಸ್ತೆಗೆ ಹಾಕುವ ಡಾಂಬರು. ಲ್ಯಾಬ್ ಅಟೆಂಡರ್ ಬಂದು ಬಗ್ಗಿ ಮೂಸಿದರು. "ಏನಮ್ಮಾ, ದೊಡ್ಡಪತ್ರೆ ಅಂದ್ರಿ, ದೊಡ್ಡಪತ್ರೆ ವಾಸ್ನೆನೇ ಇಲ್ವಲ್ಲ?"

ಆ ಎರಡು ವರ್ಷದಲ್ಲಿ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಯಾರಾದರೂ ಕೇಳಿದ ನಿಜವಾದ ವೈಜ್ಞಾನಿಕ ಪ್ರಶ್ನೆ ಅದೊಂದೇ. ವಾಸನೆ ಕಿಟಕಿಯಿಂದ ಆಚೆ ಹೋಗಿ ವಾರವಾಗಿತ್ತು. ಆದರೂ ಡಾಂಬರು ಪಾಸಾಯಿತು. ನೇರಳೆ ಹೋಗಿ ಹಳದಿ ಬಂತು, ನಾವೆಲ್ಲ ಫೋಟೋ ಹೊಡೆದುಕೊಂಡೆವು.

ಅವತ್ತು ಒಂದು ಟೆಸ್ಟ್‌ಟ್ಯೂಬ್ ಖಾಲಿ ಉಳಿದಿತ್ತು. ಸುಮ್ನೆ ಇರಲಾರದೆ ಕ್ಯಾಂಟೀನಿಗೆ ಹೋಗಿ ಸೋಸಿ ಎಸೆಯುವ ಟೀ ಚರಟ ತಂದು, ಅದನ್ನೂ ಅದೇ ಮೆಥನಾಲ್‌ನಲ್ಲಿ ನೆನೆಸಿ ಪರೀಕ್ಷೆಗೆ ಕೂರಿಸಿದೆ. ಬೆಳಗ್ಗಿಂದ ಮೂರು ಸಲ ಕುದಿದು ಪ್ರಾಣ ಬಿಟ್ಟಿದ್ದ ಚರಟ. ಬೆರೆಸಿದ ಕೂಡಲೇ, ಕತ್ತಲಿಗೆ ಇಡುವ ಮುಂಚೆಯೇ ಬಣ್ಣ ಇಳಿಯಿತು. ಅಜ್ಜಿಯ ದೊಡ್ಡಪತ್ರೆಯನ್ನು ಕ್ಯಾಂಟೀನಿನ ಚರಟ ಭಾರೀ ಅಂತರದಲ್ಲಿ ಸೋಲಿಸಿತು. ಓಡಿಹೋಗಿ ಗೈಡ್‌ಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಹೇಳಿದರು: "ಇದನ್ನೆಲ್ಲ ಬರೀಬೇಡಮ್ಮ. ಕೊನೇಲಿ ಹೆಚ್ಚಿನ ಸಂಶೋಧನೆ ಅಗತ್ಯ ಅಂತ ಹಾಕು, ಸಾಕು." ಹಾಕಿದೆ. ಆ ಹೆಚ್ಚಿನ ಸಂಶೋಧನೆ ಮುಂದಿನ ವರ್ಷ ನಡೆಯಿತು ಕೂಡ, ತೊಂಡೆ ಸೊಪ್ಪಿನ ಮೇಲೆ. ಅದೂ ಪಾಸ್.

ಗಿಡ ಪರೀಕ್ಷೆ ಮಾಡುವುದೇ ತಪ್ಪು ಎಂದು ಯಾರು ಹೇಳಿದರು? ಚೀನಾದಲ್ಲಿ ತು ಯುಯು ಎಂಬ ಹೆಂಗಸು ಮಲೇರಿಯಾಕ್ಕೆ ಔಷಧ ಹುಡುಕಲು ಕೂತರು. ಸುಮಾರು 200 ಗಿಡಗಳಿಂದ 380 ಸಾರ ತೆಗೆದು ಮಲೇರಿಯಾ ಹತ್ತಿಸಿದ ಇಲಿಗಳ ಮೇಲೆ ನೋಡಿದರು. ಕೈಹಿಡಿದದ್ದು 191ನೇ ನಮೂನೆ. ಅದಕ್ಕೂ ಹಿಂದಿನ 190 ಕೈಕೊಟ್ಟಿದ್ದವು. ಆ 191ನೇ ನಮೂನೆ ಬಂದ ಗಿಡವೇ ಮೊದಲು ಒಮ್ಮೆ ಚೆನ್ನಾಗಿ ಕೆಲಸ ಮಾಡಿ ಆಮೇಲೆ ಸುಮ್ಮನಾಗಿತ್ತು. ಯಾಕೆ ಎಂದು ತಲೆ ಕೆಡಿಸಿಕೊಂಡು ಅವರು ನಾಲ್ಕನೇ ಶತಮಾನದ ಹಳೇ ಪುಸ್ತಕ ತೆಗೆದರೆ, ಅದರಲ್ಲಿ ಕುದಿಸಿ ಎಂದೇ ಇರಲಿಲ್ಲ, ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದಿತ್ತು. ಬಿಸಿಗೆ ಔಷಧ ಕೆಡುತ್ತಿರಬಹುದು ಎಂದು ಹೊಳೆದು, ಸುಮಾರು 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1972ರಲ್ಲಿ ರೋಗಿಗಳಿಗೆ ಕೊಡುವ ಮುಂಚೆ ತಾವೇ ಕುಡಿದು ನೋಡಿದರು. 2015ರಲ್ಲಿ ನೊಬೆಲ್ ಬಂತು. ನಮ್ಮ ಲ್ಯಾಬಿನಲ್ಲಾಗಿದ್ದರೆ ಮೊದಲನೇ ಗಿಡಕ್ಕೇ ಬಣ್ಣ ತಿರುಗಿ, ಸರ್ಟಿಫಿಕೇಟ್ ಸಿಕ್ಕಿ, 190 ದಿನ ಮುಂಚೆಯೇ ಮನೆಗೆ ಹೋಗಬಹುದಿತ್ತು.

ಟ್ಯೂಬಿನಲ್ಲಿ ಗೆದ್ದದ್ದು ಹೊಟ್ಟೆಯಲ್ಲೂ ಗೆಲ್ಲುತ್ತದೆ ಎಂದು ನಂಬಿದವರು ನಾವಷ್ಟೇ ಅಲ್ಲ ಬಿಡಿ. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿ ಒಂದಷ್ಟು ಜನರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟರು. ಒಳ್ಳೆ ಹೆಸರಿರುವ ಆಂಟಿಆಕ್ಸಿಡೆಂಟ್. 1994ರಲ್ಲಿ ಲೆಕ್ಕ ಹೊರಬಂದಾಗ ನೋಡಿದರೆ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ! ಅಮೆರಿಕದ ಕೃಷಿ ಇಲಾಖೆ ಯಾವ ಹಣ್ಣಿನಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಎಂದು ದೊಡ್ಡ ಪಟ್ಟಿ ಹಾಕಿತ್ತು, ವ್ಯಾಪಾರಿಗಳು ಅದನ್ನೇ ಡಬ್ಬಿ ಮೇಲೆ ಅಚ್ಚು ಹಾಕಿಸಿದರು, ಈ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ಕಾಣುತ್ತಿಲ್ಲ ಎಂದು 2012ರಲ್ಲಿ ಪಟ್ಟಿಯನ್ನೇ ಕಿತ್ತುಹಾಕಿತು. ನಮ್ಮ ಅಡಿಕೆ ಇದೆಯಲ್ಲ, ಅದರ ಚೊಗರಿನಲ್ಲಿ ಟ್ಯಾನಿನ್ ಎಂಬ ಪಾಲಿಫಿನಾಲ್ ತುಂಬಿ ತುಳುಕುತ್ತದೆ, ಈ ಪರೀಕ್ಷೆಗೆ ಕೂರಿಸಿದರೆ ರ‍್ಯಾಂಕ್ ಬರುತ್ತದೆ. ಅದೇ ಅಡಿಕೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಪಟ್ಟಿಯಲ್ಲಿ 2004ರಿಂದ ಮೊದಲ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿನಲ್ಲಿ, ಕೂತಿದೆ. (ಊರಿನವರು ಇದನ್ನು ಓದಿದರೆ ಈ ಸಲ ಹಬ್ಬಕ್ಕೆ ನನ್ನನ್ನು ಕರೆಯುವುದಿಲ್ಲ.)

ಅಮೃತಬಳ್ಳಿಯ ಕಥೆ ಇನ್ನೂ ಚೆನ್ನಾಗಿದೆ. ಕೊರೊನಾ ಕಾಲದಲ್ಲಿ ಎಲ್ಲರ ಮನೆ ಒಲೆ ಮೇಲೂ ಅದರ ಕಷಾಯ. 2021ರಲ್ಲಿ ಮುಂಬಯಿ ವೈದ್ಯರು, ಇದನ್ನು ಕುಡಿದ ಆರು ಜನರ ಲಿವರ್ ಕೆಟ್ಟಿದೆ ಎಂದು ಬರೆದರು. ಆಯುಷ್ ಸಚಿವಾಲಯ, ಅದು ಅಮೃತಬಳ್ಳಿಯೇ ಎಂದು ಸರಿಯಾಗಿ ಗುರುತಿಸಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತು. ಮರುವರ್ಷ 13 ಆಸ್ಪತ್ರೆ ಸೇರಿ 43 ಜನರ ಲೆಕ್ಕ ಕೊಟ್ಟವು. ಗುರುತಿಸಬೇಕು ಎನ್ನುವುದು ಸರಿಯಾದ ಮಾತೇ. ಆದರೆ ಕುಡಿಯಿರಿ ಎಂದು ಹೇಳುವಾಗ ಯಾರೂ ಬಳ್ಳಿಯ ಆಧಾರ್ ಕಾರ್ಡ್ ಕೇಳಿರಲಿಲ್ಲ. ನೆಗಡಿ ವಾಸಿಯಾದರೆ ಅಮೃತಬಳ್ಳಿ, ಲಿವರ್ ಕೆಟ್ಟರೆ ಪಕ್ಕದ ಬಳ್ಳಿ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಸೋದರಮಾವ ಫೋನ್ ಮಾಡಿದರು. ಅವರ ವಾಟ್ಸಾಪ್ ಗುಂಪಿಗೆ ದೊಡ್ಡಪತ್ರೆ ಬಂದಿತ್ತು. 'ವಿಜ್ಞಾನಿಗಳೇ ದೃಢಪಡಿಸಿದ್ದಾರೆ, ಕ್ಯಾನ್ಸರ್, ಸಕ್ಕರೆ ಕಾಯಿಲೆ, ಮಂಡಿ ನೋವು ಎಲ್ಲಕ್ಕೂ ಒಂದೇ ಎಲೆ, ಸೈಡ್ ಎಫೆಕ್ಟ್ ಇಲ್ಲ, ನೂರು ಗ್ರಾಂ ಪುಡಿಗೆ 350 ರೂಪಾಯಿ.' ಮಾವನ ಮನೆಯ ಬಾವಿಕಟ್ಟೆ ಪಕ್ಕದಲ್ಲೇ ಅದು ಪೊದೆಯಾಗಿ ಬೆಳೆದಿದೆ. ಆದರೂ ಎರಡು ಪ್ಯಾಕೆಟ್ ತರಿಸಿದ್ದರು.

"ವಿಜ್ಞಾನಿಗಳು ಅಂದ್ರೆ ನೀನೂ ಇದ್ದೀಯೇನೇ ಪುಟ್ಟಿ ಇದರಲ್ಲಿ?" ಎಂದು ಕೇಳಿದರು. ದನಿಯಲ್ಲಿ ಹೆಮ್ಮೆ ಇತ್ತು.

ನನಗೆ ತಡೆಯಲಾಗಲಿಲ್ಲ. ಮೆಥನಾಲ್, ಡಾಂಬರು, ಓಮದ ವಾಸನೆ, ಇಲಿ, ಫಿನ್‌ಲೆಂಡ್ ಎಲ್ಲಾ ಬಿಡಿಸಿ ಬಿಡಿಸಿ ಹೇಳಿದೆ. ಕೊನೆಗೆ, "ಮಾವ, ಆ ಪರೀಕ್ಷೆಯಲ್ಲಿ ಕ್ಯಾಂಟೀನಿನ ಟೀ ಚರಟ ನನ್ನ ದೊಡ್ಡಪತ್ರೆಗಿಂತ ಮುಂದೆ ಬಂತು, ಈಗಲಾದ್ರೂ ಅರ್ಥ ಆಯ್ತಾ?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಪೆನ್ನು ಹುಡುಕುತ್ತಿದ್ದರು ಅಂತ ಕಾಣುತ್ತೆ.

"ಚರಟ ಬೆಳಗ್ಗೆ ಖಾಲಿ ಹೊಟ್ಟೆಗಾ, ಊಟ ಆದ್ಮೇಲಾ?"