ಚಿಕ್ಕದೇನಾದ್ರೂ ಇಟ್ಕೊಳ್ಳೋಣ

"ಮುಂದಿನ ತಿಂಗಳಿಗೆ ಚಿಕ್ಕದೇನಾದ್ರೂ ಇಟ್ಕೊಳ್ಳೋಣ ಸಾರ್" ಅಂದರು. ಆರುನೂರು ಪುಟದ ಕಾದಂಬರಿಯನ್ನು ನಮ್ಮ ಬುಕ್ ಕ್ಲಬ್ಬಿನ ಹನ್ನೊಂದು ಮಂದಿಯಲ್ಲಿ ನಾಲ್ವರು ಮುಗಿಸಿ, ಉಳಿದವರು ಮುಗಿಸಿದವರ ಹಾಗೆ ತಲೆಯಾಡಿಸಿ ಮುಗಿಸಿದ ಸಂಜೆ ಅದು. ಚಿಕ್ಕದು ಅಂದರೆ ಕಥಾಸಂಕಲನ. ಆರಿಸುವ ಕೆಲಸ ನನ್ನ ತಲೆಗೆ ಬಿತ್ತು.

ಈ ಪ್ರಕಾರಕ್ಕೆ 'ಸಣ್ಣ' ಅಂತ ಹೆಸರಿಟ್ಟವರು ಕೈಗೆ ಸಿಕ್ಕರೆ ನಾಲ್ಕು ಮಾತಾಡುವುದಿದೆ. ಕಥೆಯನ್ನು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಓದಿ ಮುಗಿಸುವಂತಿರಬೇಕೆಂದು ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರಲ್ಲೇ ಬರೆದಿಟ್ಟ. ಅಂಥ ಹದಿಮೂರನ್ನು ಒಟ್ಟಿಗೆ ಹೊಲಿದು ಹನ್ನೊಂದು ಜನರ ಕೈಗೆ ಕೊಟ್ಟರೆ ಏನಾಗುತ್ತದೆಂದು ಮಾತ್ರ ಪುಣ್ಯಾತ್ಮ ಹೇಳಲಿಲ್ಲ. ನಮ್ಮ ಸಭೆ ಎರಡು ಗಂಟೆಯದು. ಕಥೆಗೆ ಒಂಬತ್ತು ನಿಮಿಷ ಸಿಗುತ್ತದೆ. ಅದರಲ್ಲಿ ಮೂರು ನಿಮಿಷ "ಇದು ಯಾವುದು, ಆ ಬಾವಿ ಬರುತ್ತಲ್ಲ ಅದಾ?" ಎಂಬುದಕ್ಕೇ ಹೋಗುತ್ತದೆ.

ಕಾದಂಬರಿ ಓದದೆ ಬಂದವರನ್ನು ಹಿಡಿಯಬಹುದು. ಕೊನೆಯ ಅಧ್ಯಾಯದ ಮಾತೆತ್ತಿದರೆ ಸಾಕು, ಕಿಟಕಿ ಕಡೆ ನೋಡುತ್ತಾರೆ. ಕಥಾಸಂಕಲನದಲ್ಲಿ ಮೊದಲನೆಯದನ್ನೂ ಪುಸ್ತಕಕ್ಕೆ ಹೆಸರು ಕೊಟ್ಟದ್ದನ್ನೂ ಓದಿದವನು ರಾಜನಂತೆ ಕೂತಿರುತ್ತಾನೆ. ಸಂಕಲನದ ಕೊನೆಯಿಂದ ಎರಡನೆಯ ಕಥೆಯನ್ನು ಈ ಭೂಮಿಯ ಮೇಲೆ ಯಾರೂ ಓದಿಲ್ಲವೆಂದು ನನ್ನ ಗುಮಾನಿ.

ಎರಡು ವರ್ಷದ ಹಿಂದೆ ಒಮ್ಮೆ ಹೀಗೇ ಒಂದು ಸಂಕಲನ ಇಟ್ಟುಕೊಂಡಿದ್ದೆವು. ನಿವೃತ್ತ ಮೇಷ್ಟ್ರು ಶುರು ಮಾಡಿದರು: "ಅವನು ಆ ಕಾಗದ ಒಡೆದು ಓದಬೇಕಿತ್ತು." ವಕೀಲರಾದ ಮೇಡಂ ಸಿಡಿದರು: "ಕಾಗದ ಹೋಗಿಯೇ ಇಲ್ಲವಲ್ಲ ಸಾರ್, ಒಡೆಯೋದೆಲ್ಲಿ ಬಂತು?" ಮೇಷ್ಟ್ರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಅವರ ಮುಖದಲ್ಲಿ ಜ್ಞಾನೋದಯದಂಥದ್ದು ಮೂಡಿತು. "ಹೋಗದೇ ಇರೋ ಕಾಗದ ಅವನ ಮೇಜಿನ ಮೇಲಿದೆ! ಆಹಾ, ಇದು ನನಗೆ ಹೊಳೆದೇ ಇರಲಿಲ್ಲ." ಅಲ್ಲಿಂದ ಹಿಡಿತ ತಪ್ಪಿತು. ಒಬ್ಬರು, ಕಾಗದವೆಂದರೆ ಇಲ್ಲಿ ಕಾಗದವೇ ಅಲ್ಲ ಅಂದರು. ಇನ್ನೊಬ್ಬರು, ಕಾಲ ಹಿಂದುಮುಂದಾಗಿದೆ, ಅವನು ಆಗಲೇ ಸತ್ತಿದ್ದಾನೆ, ಎರಡನೇ ಪುಟದಲ್ಲೇ ಸುಳಿವಿದೆ ಅಂದರು. ಪುಟ ತೆಗೆದು ನೋಡಿದರೆ, ದೇವರಾಣೆ, ಸುಳಿವು ಇತ್ತು! ಮೇಡಂ ಮಾತ್ರ "ಅವಳು ಅಂಚೆಗೆ ಹಾಕಲಿಲ್ಲ, ಅಷ್ಟೇ" ಎಂದು ಮೇಜು ಕುಟ್ಟುತ್ತಿದ್ದರು. "ಅವಳ್ಯಾರು?" ಎಂದು ಯಾರಾದರೂ ಕೇಳಬಹುದಿತ್ತು. ಕೇಳಿದರೆ ಓದಿಲ್ಲವೆಂದು ಗೊತ್ತಾಗುತ್ತದಲ್ಲ, ಯಾರೂ ಕೇಳಲಿಲ್ಲ.

ಐವತ್ತು ನಿಮಿಷವಾದ ಮೇಲೆ, ಮೂಲೆಯಲ್ಲಿ ಕೂತಿದ್ದ ಹೊಸ ಹುಡುಗಿ ಮೆಲ್ಲಗೆ ಹೇಳಿದಳು: "ಸಾರ್ ಮೂರನೇ ಕಥೆ ಹೇಳ್ತಿದ್ದಾರೆ. ಮೇಡಂ ಎಂಟನೇ ಕಥೆ."

ಅಷ್ಟು ಚೆಂದದ ಚರ್ಚೆ ನಮ್ಮಲ್ಲಿ ಮೊದಲೂ ನಡೆದಿರಲಿಲ್ಲ, ಆಮೇಲೂ ನಡೆದಿಲ್ಲ. ಆ ಹುಡುಗಿ ಮುಂದಿನ ತಿಂಗಳಿಂದ ಬರಲಿಲ್ಲ. ನನಗೇನೂ ಬೇಸರವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಎಲ್ಲ ಕಥೆಗಳನ್ನೂ ಓದಿಕೊಂಡು ಬರುವವರ ಜೊತೆ ಕೂತು ಮಾತಾಡುವುದು ಕಷ್ಟ. ಅಂದು ಅಧ್ಯಕ್ಷತೆ ನನ್ನದೇ. ಎರಡೂ ಕಡೆಗೆ ತಲೆದೂಗಿದ್ದೆ. ಮೂರನೆಯದನ್ನೂ ಓದಿರಲಿಲ್ಲ, ಎಂಟನೆಯದನ್ನೂ ಓದಿರಲಿಲ್ಲ.

ಇರಲಿ, ಆಯ್ಕೆಗೆ ಬರುತ್ತೇನೆ. ಮೇಜಿನ ಮೇಲೆ ಐದು ಸಂಕಲನ ಜೋಡಿಸಿದ್ದೇನೆ. ಹಲವರ ಕಥೆಗಳನ್ನು ಆಯ್ದು ಕಟ್ಟಿದ್ದು ಬೇಡ, ಅಲ್ಲಿ ಸಂಪಾದಕರು ಯಾರನ್ನು ಬಿಟ್ಟರೆಂಬುದೇ ಚರ್ಚೆಯಾಗುತ್ತದೆ. 'ಸಮಗ್ರ' ಅಂತ ಇರುವುದೂ ಬೇಡ, ಎತ್ತಲಾಗುವುದಿಲ್ಲ. "ಕಥೆ ಅಂದ್ರೆ ಕಾದಂಬರಿಗೆ ಅಭ್ಯಾಸ ತಾನೆ?" ಅಂದವರೊಬ್ಬರಿಗೆ ನಾನು ಸ್ವಲ್ಪ ಜೋರಾಗಿಯೇ, ಬರೀ ಕಥೆ ಬರೆದೇ ಆಲಿಸ್ ಮನ್ರೋ 2013ರಲ್ಲಿ ನೊಬೆಲ್ ಪಡೆದದ್ದನ್ನೂ, 2025ರಲ್ಲಿ ನಮ್ಮ ಬಾನು ಮುಷ್ತಾಕರ ಕಥೆಗಳಿಗೆ ದೀಪಾ ಭಾಸ್ತಿ ಅನುವಾದದಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂದದ್ದನ್ನೂ, ಆ ಪ್ರಶಸ್ತಿ ಕಥಾಸಂಕಲನವೊಂದಕ್ಕೆ ಬಂದದ್ದು ಅದೇ ಮೊದಲೆಂಬುದನ್ನೂ ಹೇಳಿದೆ. "ಹಾಗಾದ್ರೆ ಅದನ್ನೇ ಇಡಿ" ಅಂದರು. ಇಡಬಹುದು. ಆದರೆ ಪ್ರಶಸ್ತಿ ಬಂದ ಪುಸ್ತಕವನ್ನು ಎಲ್ಲರೂ ಆಗಲೇ ಓದಿದ್ದೇವೆ ಅಂದುಕೊಂಡಿರುತ್ತಾರೆ, ಮತ್ತೆ ಓದಿಸುವುದು ಕಷ್ಟ.

ಇಷ್ಟು ಯೋಚಿಸುವಷ್ಟರಲ್ಲಿ ಮೇಷ್ಟ್ರ ಫೋನು. "ಎಲ್ಲಾ ಕಥೆ ಓದ್ಬೇಕಾ, ಇಲ್ಲಾ ಒಂದೆರಡು ಸಾಕಾ?"

"ಮೂರನೆಯದು, ಎಂಟನೆಯದು ಓದ್ಕೊಂಡು ಬನ್ನಿ ಸಾರ್" ಅಂದೆ.

ಬರೆದುಕೊಂಡರು. ಯಾವ ಪುಸ್ತಕ ಅಂತ ಕೇಳಲೇ ಇಲ್ಲ.